ರಾಜ್ಯಮಟ್ಟದಲ್ಲಿ ಏಳನೆಯವಳಾದ ಮಗಳಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ಮಗಳಿಗೆ ಈಗ ಹದಿಮೂರು ವರ್ಷ, ಎಂಟನೇ ತರಗತಿ. ನಾವಿರುವುದು ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ. ಏಳನೇ ವಯಸ್ಸಿಗೆ ಈಜು ಕಲಿತಳು. ಹತ್ತು-ಹನ್ನೊಂದರ ಹೊತ್ತಿಗೆ ಜಿಲ್ಲೆಯಲ್ಲಿ ಅವಳನ್ನು ಹಿಂದಿಕ್ಕುವವರೇ ಇರಲಿಲ್ಲ. ಷೋಕೇಸ್ ತುಂಬ ಮೆಡಲ್. ಕಳೆದ ತಿಂಗಳು ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಸ್ಪರ್ಧೆಯಲ್ಲಿ 100 ಮೀಟರ್ ಫ್ರೀಸ್ಟೈಲ್ ಫೈನಲ್‌ಗೆ ಬಂದಳು, ಆದರೆ ಏಳನೆಯವಳಾದಳು. ಊರಿನ 25 ಮೀಟರ್ ಕೊಳದಲ್ಲಿ ಅವಳ ಟೈಮಿಂಗ್ 1 ನಿಮಿಷ 6.7 ಸೆಕೆಂಡ್ ಇತ್ತು, ಅಲ್ಲಿ 1:08.9 ಆಯಿತು. ಗೆದ್ದ ಹುಡುಗಿಯದು 1:02.0. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತಾಡಲಿಲ್ಲ. ಈಗ ಬೆಳಗ್ಗೆ ಪೂಲ್‌ಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಅನ್ನುತ್ತಾಳೆ. ಅವಳ ಅಪ್ಪ, "ಇನ್ನೂ ಸ್ವಲ್ಪ ಕಷ್ಟಪಡು, ಗೆದ್ದೇ ಗೆಲ್ತೀಯ" ಎಂದು ಹುರಿದುಂಬಿಸುತ್ತಾರೆ. ಕೋಚ್ ಇನ್ನು ಮೇಲೆ ಎರಡು ಹೊತ್ತು ಬರಲಿ ಎಂದಿದ್ದಾರೆ. "ಹೊರಗಿನ ಊರಿನವಳು ಅಂತ ಗೋಡೆ ಪಕ್ಕದ ಲೇನ್ ಕೊಟ್ಟು ಮೋಸ ಮಾಡಿದ್ದಾರೆ, ಎಸೆಸೆಲ್ಸಿ ಹತ್ತಿರ ಬಂತು, ಬಿಡಿಸಿಬಿಡು" ಅನ್ನುವುದು ನಮ್ಮತ್ತೆಯ ಮಾತು. ಓದುವ ಮೇಜಿನ ಮೇಲಿನ ಗೋಡೆಗೆ ಮಗಳು "ಒಲಿಂಪಿಕ್ಸ್ 2032" ಎಂದು ಬರೆದು ಅಂಟಿಸಿಕೊಂಡಿದ್ದಾಳೆ. ಗೆಲ್ಲುವುದು ಎಷ್ಟು ಕಷ್ಟ ಎಂಬುದನ್ನು ಅವಳ ಮನಸ್ಸು ಮುರಿಯದ ಹಾಗೆ ತಿಳಿಸುವುದು ಹೇಗೆ? ಮುಂದಿನ ಸ್ಪರ್ಧೆಗೆ ನಾನು ಹೋಗಿ ನೋಡಬೇಕೋ, ಬೇಡವೋ?

ಉತ್ತರ: ಗೆಲ್ಲುವುದು ಕಷ್ಟ ಎಂಬುದು ನಿಮ್ಮ ಮಗಳಿಗೆ ಈಗಾಗಲೇ ಗೊತ್ತಾಗಿದೆ. ನೀರಿನೊಳಗೆ ಉಸಿರಿಗೆಂದು ತಲೆ ತಿರುಗಿಸಿದಾಗಲೆಲ್ಲ ಪಕ್ಕದ ಲೇನಿನವಳ ಕಾಲು ಮುಂದೆ ಮುಂದೆ ಹೋಗುವುದನ್ನು ಅವಳು ಒಂದು ನಿಮಿಷ ಪೂರ್ತಿ ನೋಡಿದ್ದಾಳೆ. ಅದಕ್ಕಿಂತ ಸ್ಪಷ್ಟವಾಗಿ ನಾವ್ಯಾರೂ ಹೇಳಲಾರೆವು. ಅವಳಿಗೆ ಗೊತ್ತಿಲ್ಲದ್ದು ಮೂರು ಸಂಗತಿ: ಹೀಗೇಕಾಯಿತು, ಇದರಲ್ಲಿ ತನ್ನ ಕೈಯಲ್ಲಿರುವುದು ಎಷ್ಟು, ಮತ್ತು ಸೋತು ಬಂದರೂ ಮನೆ ಮೊದಲಿನ ಹಾಗೇ ಇರುತ್ತದೆಯೇ. ಈ ಮೂರಕ್ಕೂ ಉತ್ತರ ಸಿಗದ ಮಗು ಬಸ್ಸಿನಲ್ಲಿ ಸುಮ್ಮನೆ ಕೂರುತ್ತದೆ, ಬೆಳಗ್ಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಮೊದಲು ಲೇನ್ ವಿಷಯ ಮುಗಿಸೋಣ, ಏಕೆಂದರೆ ಮೋಸ ಆಗಿದೆ ಎಂಬ ಮಾತು ಮನೆಯಲ್ಲಿ ಓಡಾಡುತ್ತಿದ್ದರೆ ಉಳಿದ ಯಾವ ಮಾತೂ ಅವಳಿಗೆ ತಾಗುವುದಿಲ್ಲ. ಎಂಟು ಲೇನ್‌ಗಳ ಕೊಳದಲ್ಲಿ ಫೈನಲ್‌ನ ಲೇನ್ ಹಂಚುವುದು ಅದಕ್ಕೆ ಮೊದಲಿನ ಅರ್ಹತಾ ಸುತ್ತಾದ ಹೀಟ್ಸ್‌ನ ಟೈಮಿಂಗ್ ನೋಡಿ. ಎಲ್ಲರಿಗಿಂತ ವೇಗದವರಿಗೆ 4ನೇ ಲೇನ್, ಆಮೇಲೆ ಕ್ರಮವಾಗಿ 5, 3, 6, 2, 7, 1, 8. ಹೀಟ್ಸ್‌ನಲ್ಲಿ ಏಳನೆಯವಳಾಗಿದ್ದರೆ 1, ಎಂಟನೆಯವಳಾಗಿದ್ದರೆ 8. ಎರಡೂ ಗೋಡೆ ಪಕ್ಕದವೇ. ಇದು ಜಗತ್ತಿನ ಎಲ್ಲ ಕೊಳಗಳಲ್ಲೂ ಇರುವ ನಿಯಮ, ಊರು ನೋಡಿ ಕೊಡುವುದಲ್ಲ. ಅವಳದು 8ನೇ ಲೇನ್ ಆಗಿದ್ದರೆ ಹೀಟ್ಸ್‌ಗಿಂತ ಫೈನಲ್‌ನಲ್ಲಿ ಒಂದು ಸ್ಥಾನ ಮೇಲೆ ಬಂದಿದ್ದಾಳೆ ಎಂದಾಯಿತು. ಅತ್ತೆಯವರಿಗೆ ಇದನ್ನು ಮಗಳೇ ವಿವರಿಸಲಿ. ಅಜ್ಜಿಗೆ ತಿಳಿಸಿ ಹೇಳುವ ಹೊತ್ತಿಗೆ ಅದು ಅವಳಿಗೂ ಗಟ್ಟಿಯಾಗುತ್ತದೆ.

ಇನ್ನು 1:06.7 ಇದ್ದದ್ದು 1:08.9 ಆಯಿತೆಂಬ ಆತಂಕ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಲು ಬರುವುದಿಲ್ಲ. ಊರಿನ 25 ಮೀಟರ್ ಕೊಳದಲ್ಲಿ 100 ಮೀಟರ್ ಈಜುವಾಗ ಮೂರು ಸಲ ಟರ್ನ್ (ಗೋಡೆ ಒದ್ದು ತಿರುಗುವುದು) ಸಿಗುತ್ತದೆ, 50 ಮೀಟರ್ ಕೊಳದಲ್ಲಿ ಒಂದೇ ಸಲ. ಗೋಡೆ ಒದ್ದು ಹೊರಡುವ ವೇಗ ಕೈ ಬೀಸಿ ಈಜುವ ವೇಗಕ್ಕಿಂತ ಹೆಚ್ಚು. ಹಾಗಾಗಿ ಅದೇ ಹುಡುಗಿ, ಅದೇ ದಿನ, ಉದ್ದದ ಕೊಳದಲ್ಲಿ ಸುಮಾರು ಒಂದೂವರೆಯಿಂದ ಎರಡು ಸೆಕೆಂಡ್ ಹೆಚ್ಚು ತೆಗೆದುಕೊಳ್ಳುತ್ತಾಳೆ. ಇದರ ಮೇಲೆ, ಊರಿನಲ್ಲಿ ಟೈಮಿಂಗ್ ಹಿಡಿಯುವುದು ಕೈಯಲ್ಲಿನ ಸ್ಟಾಪ್‌ವಾಚ್‌ನಿಂದ. ಸೀಟಿ ಕೇಳಿ ಬೆರಳು ಒತ್ತುವುದು ಕ್ಷಣ ತಡ, ಗೋಡೆ ಮುಟ್ಟುವುದನ್ನು ಮೊದಲೇ ಊಹಿಸಿ ನಿಲ್ಲಿಸುವುದು ಕ್ಷಣ ಬೇಗ. ಅಂಕಿ ಒಂದೆರಡು ದಶಾಂಶ ಚಿಕ್ಕದಾಗುತ್ತದೆ. ಗೋಡೆಗೆ ಕೂರಿಸಿದ ಎಲೆಕ್ಟ್ರಾನಿಕ್ ಟಚ್‌ಪ್ಯಾಡ್‌ಗೆ ಈ ದಾಕ್ಷಿಣ್ಯ ಇಲ್ಲ. ಈ ಎರಡನ್ನೂ ಕಳೆದರೆ 2.2 ಸೆಕೆಂಡ್ ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಗುತ್ತದೆ. ನಿಮ್ಮ ಮಗಳು ಹಿಂದೆ ಬಿದ್ದಿಲ್ಲ, ತನ್ನ ಮಟ್ಟಕ್ಕೆ ಸರಿಯಾಗಿಯೇ ಈಜಿದ್ದಾಳೆ. ಅದೂ ಅಭ್ಯಾಸವಿಲ್ಲದ ಉದ್ದದ ಕೊಳದಲ್ಲಿ. ಇದನ್ನು ಅವಳಿಗೆ ಇವತ್ತೇ ಹೇಳಿ.

ಆದರೆ ಗೆದ್ದವಳಿಗೂ ಇವಳಿಗೂ ಇರುವ 6.9 ಸೆಕೆಂಡ್ ಅಂತರ ಮಾತ್ರ ನಿಜವಾದದ್ದು. ಅದನ್ನು ಮುಚ್ಚಿಡಬೇಡಿ. ಗೆದ್ದವಳು ಗೋಡೆ ಮುಟ್ಟಿದಾಗ ನಿಮ್ಮ ಮಗಳು ಇನ್ನೂ ಸುಮಾರು 10 ಮೀಟರ್ ಹಿಂದೆ ಇದ್ದಳು.

ಈ ಹತ್ತು ಮೀಟರ್ ಎಲ್ಲಿಂದ ಬಂತು? ಮುಖ್ಯ ಕಾರಣ ಮೈ. ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ ಹನ್ನೆರಡರ ಆಸುಪಾಸು, ಹುಡುಗರು ಹದಿನಾಲ್ಕರ ಆಸುಪಾಸು. ಆದರೆ ಇದು ಸರಾಸರಿ ಅಷ್ಟೇ. ಒಬ್ಬಳಿಗೆ ಹತ್ತಕ್ಕೆ ಬಂದದ್ದು ಇನ್ನೊಬ್ಬಳಿಗೆ ಹದಿಮೂರೂವರೆಗೆ ಬರಬಹುದು. ಹತ್ತನೇ ವಯಸ್ಸಿಗೆ ಜಿಲ್ಲೆಯಲ್ಲಿ ಸಲೀಸಾಗಿ ಗೆಲ್ಲುವ ಹುಡುಗಿಯರಲ್ಲಿ ಬಹಳಷ್ಟು ಮಂದಿ ಬೇಗ ಬೆಳೆದವರು. ಉದ್ದದ ಕೈ, ದೊಡ್ಡ ಪಾದ, ಹೆಚ್ಚು ಎತ್ತರ ಇದ್ದರೆ ಆ ವಯಸ್ಸಿನಲ್ಲಿ ತಂತ್ರ ಅಷ್ಟಕ್ಕಷ್ಟೇ ಇದ್ದರೂ ಮೆಡಲ್ ಬರುತ್ತದೆ. ಹದಿಮೂರರ ಹೊತ್ತಿಗೆ ಉಳಿದವರೂ ಬೆಳೆದು ಸಮ ಆಗುತ್ತಾರೆ, ಬೇಗ ಬೆಳೆದವಳಿಗೆ ಇದ್ದ ಸವಲತ್ತು ಹೋಗುತ್ತದೆ. ಅವಳು ಮಾಡಿದ ತಪ್ಪೇನೂ ಇಲ್ಲ. ಅದೇ ಹೊತ್ತಿಗೆ ಸೊಂಟ ಅಗಲವಾಗುತ್ತದೆ, ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಆರೋಗ್ಯವಂತ ಹೆಣ್ಣುಮಗುವಿಗೆ ಆಗಬೇಕಾದದ್ದೇ ಅದು. ತೋಳು ಉದ್ದವಾದ ವೇಗಕ್ಕೆ ಬಲ ಬರುವುದಿಲ್ಲ, ಹಾಗಾಗಿ ನೀರಿನ ಹಿಡಿತ ಕೆಲವು ತಿಂಗಳು ತಪ್ಪುತ್ತದೆ. ಟೈಮಿಂಗ್ ಒಂದು ವರ್ಷ, ಕೆಲವರಿಗೆ ಎರಡು ವರ್ಷ, ಇದ್ದಲ್ಲೇ ನಿಲ್ಲುವುದು ಹುಡುಗಿಯರಲ್ಲಿ ತೀರಾ ಸಾಮಾನ್ಯ. ಇದೇ ಸಮಯಕ್ಕೆ, ನಿನ್ನೆ ತನಕ ಅವಳ ಹಿಂದೆ ಬರುತ್ತಿದ್ದ ಪಕ್ಕದ ಲೇನಿನ ಹುಡುಗರು ಸ್ನಾಯು ಬಲಿತು ದಾಟಿ ಹೋಗುತ್ತಾರೆ. ಕಾರಣ ಯಾರೂ ಹೇಳದಿದ್ದರೆ ಹುಡುಗಿ ತನ್ನ ಮೈಯನ್ನೇ ದೂರುತ್ತಾಳೆ, ತಿನ್ನುವುದನ್ನು ಕಡಿಮೆ ಮಾಡುತ್ತಾಳೆ. ಅನಾಹುತ ಶುರುವಾಗುವುದು ಅಲ್ಲಿಂದ. ಹಾಗಾಗಿ ಈ ಪ್ಯಾರಾವನ್ನು ಅವಳೊಂದಿಗೆ ಕೂತು ಓದಿ. ಮೂರು ತಿಂಗಳಿಗೊಮ್ಮೆ, ಬೆಳಗಿನ ಹೊತ್ತು, ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಿ. ಬೆಳವಣಿಗೆ ಜೋರಾಗಿದ್ದ ತಿಂಗಳುಗಳೂ ಟೈಮಿಂಗ್ ನಿಂತ ತಿಂಗಳುಗಳೂ ಎಷ್ಟು ಸಲ ಒಂದೇ ಆಗಿರುತ್ತವೆ ಎಂಬುದು ನಿಮಗೇ ಕಾಣುತ್ತದೆ.

ಇನ್ನೊಂದು ಕಾರಣ ಬರೀ ಲೆಕ್ಕ. ನಿಮ್ಮ ಜಿಲ್ಲೆಯಲ್ಲಿ ಅವಳ ವಯಸ್ಸಿನ ಗುಂಪಿನಲ್ಲಿ ಗಂಭೀರವಾಗಿ ಈಜುವವರು ಹತ್ತು ಮಂದಿ ಇದ್ದಾರೆ ಅಂದುಕೊಳ್ಳಿ, ಮೆಡಲ್ ಮೂರು. ರಾಜ್ಯದಲ್ಲಿ 31 ಜಿಲ್ಲೆ, ಆಗಲೂ ಮೆಡಲ್ ಮೂರೇ, ಫೈನಲ್‌ಗೆ ಲೇನ್ ಎಂಟೇ. ಅದರಲ್ಲೂ ಈಜಿನಲ್ಲಿ ಕರ್ನಾಟಕ ದೇಶದ ಬಲಿಷ್ಠ ರಾಜ್ಯ. ಬೆಂಗಳೂರಿನ ಕ್ಲಬ್‌ಗಳ ಮಕ್ಕಳಿಗೆ 50 ಮೀಟರ್ ಕೊಳ, ಜಿಮ್ ಕೋಚ್, ಫಿಸಿಯೋ ಎಲ್ಲ ಕೈಗೆಟುಕುವ ದೂರದಲ್ಲಿವೆ. ಊರಿನ 25 ಮೀಟರ್ ಕೊಳದಿಂದ ಹೋಗಿ ಇಲ್ಲಿ ಮೊದಲ ಎಂಟರೊಳಗೆ ಬರುವುದು ಸಣ್ಣ ಮಾತಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ಟೈಮಿಂಗ್ ನೋಡಿ ಹೇಳುತ್ತಿದ್ದೇನೆ. ಆದರೂ ರಾಜ್ಯ ತಂಡಕ್ಕೆ ಅದು ಸಾಲದು, ಏಕೆಂದರೆ ರಾಷ್ಟ್ರಮಟ್ಟಕ್ಕೆ ಒಂದು ಸ್ಪರ್ಧೆಗೆ ಒಂದು ರಾಜ್ಯದಿಂದ ಬೆರಳೆಣಿಕೆಯ ಜಾಗ ಮಾತ್ರ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. "ಕಷ್ಟಪಟ್ಟರೆ ಗೆದ್ದೇ ಗೆಲ್ತೀಯ" ಎನ್ನುವುದರಲ್ಲಿ ಪ್ರೀತಿ ಇದೆ, ಅನುಮಾನವಿಲ್ಲ. ಆದರೆ ಮಗು ಅದನ್ನು ತಿರುಗಿಸಿ ಕೇಳಿಸಿಕೊಳ್ಳುತ್ತದೆ: ಸೋತೆ ಅಂದರೆ ಕಷ್ಟಪಡಲಿಲ್ಲ ಅಂತ. ಫೈನಲ್‌ನ ಎಂಟು ಹುಡುಗಿಯರೂ ನಸುಕಿನಲ್ಲಿ ಎದ್ದವರೇ, ಎಲ್ಲರ ಕಣ್ಣೂ ಕ್ಲೋರಿನ್‌ಗೆ ಕೆಂಪಾದದ್ದೇ. ಏಳು ಮಂದಿ ಸೋತರು. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಮೇಲೆ ಬರುತ್ತಾರೆ ಎಂಬ ಮಾತನ್ನು ಕೋಚ್‌ಗಳೂ ಹೇಳುತ್ತಾರೆ. ಆ ಅಂಕಿ ಹುಟ್ಟಿದ್ದು 1993ರಲ್ಲಿ ಪ್ರಕಟವಾದ, ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಕುರಿತ ಅಧ್ಯಯನದಿಂದ. ಅದು ಅತ್ಯುತ್ತಮ ವಿದ್ಯಾರ್ಥಿಗಳ ಒಟ್ಟು ಅಭ್ಯಾಸದ ಸರಾಸರಿ. ಅಷ್ಟು ಗಂಟೆ ಮಾಡಿದವರೆಲ್ಲ ಅತ್ಯುತ್ತಮರಾದರು ಎಂದು ಅದು ಹೇಳಿಲ್ಲ. ಶ್ರಮ ಅವಳ ಟೈಮಿಂಗ್ ಇಳಿಸುತ್ತದೆ. ಸ್ಥಾನ ಯಾವುದು ಎನ್ನುವುದನ್ನು ಉಳಿದ ಏಳು ಲೇನಿನವರೂ ಸೇರಿ ತೀರ್ಮಾನಿಸುತ್ತಾರೆ. ಅಪ್ಪ ಈ ಒಂದು ವ್ಯತ್ಯಾಸ ಇಟ್ಟುಕೊಂಡು ಮಾತಾಡಿದರೆ ಸಾಕು. "ಗೆದ್ದೇ ಗೆಲ್ತೀಯ" ಎನ್ನುವ ಬದಲು "ನಿನ್ನ ಟೈಮಿಂಗ್ ಇಳಿಸೋಕೆ ಏನು ಮಾಡ್ಬೇಕು ನೋಡೋಣ" ಅಂದರೆ ಅದನ್ನು ನಿಜಕ್ಕೂ ನಡೆಸಿಕೊಡಬಹುದು.

ಇದನ್ನು ಅವಳೊಡನೆ ಮಾತಾಡುವ ಬಗೆ ಹೇಳುತ್ತೇನೆ. ಸ್ಪರ್ಧೆಯ ದಿನ ಬೇಡ, ಬಸ್ಸಿನಲ್ಲಂತೂ ಬೇಡವೇ ಬೇಡ. ಆ ದಿನ ಊಟ, ಒಣ ಬಟ್ಟೆ, ನಿದ್ದೆ ಇಷ್ಟೇ. ಈಗ ತಿಂಗಳಾಗಿದೆ, ಕೂರಬಹುದು. ಫಲಿತಾಂಶದ ಹಾಳೆಯ ಪ್ರತಿ ತರಿಸಿಕೊಳ್ಳಿ; ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಕಡೆ ಸಾಮಾನ್ಯವಾಗಿ ಮೊದಲ 50 ಮೀಟರ್‌ನ ಸ್ಪ್ಲಿಟ್, ಅಂದರೆ ಆ ಭಾಗಕ್ಕೆ ಹಿಡಿದ ಸಮಯ, ಕೂಡ ದಾಖಲಾಗಿರುತ್ತದೆ. ಮೊದಲು ಅವಳೇ ಮಾತಾಡಲಿ: "ಎರಡನೇ ಐವತ್ತು ಹೇಗನ್ನಿಸ್ತು?" ಇಷ್ಟು ಕೇಳಿ ಸುಮ್ಮನಿರಿ. ಅವಳು ಅರ್ಧ ನಿಮಿಷ ಮಾತಾಡದಿದ್ದರೂ ನೀವು ತುಂಬಲು ಹೋಗಬೇಡಿ.

ಆಮೇಲೆ ಹಾಳೆ ಓದಿ. ಉದಾಹರಣೆಗೆ 1:08.9ರಲ್ಲಿ ಮೊದಲ 50 ಮೀಟರ್ 31.4, ಎರಡನೆಯದು 37.5 ಆಗಿದೆ ಎಂದಿಟ್ಟುಕೊಳ್ಳಿ. ಅಂತರ 6.1. ಮೊದಲರ್ಧಕ್ಕೆ ಡೈವ್‌ನ ಲಾಭ ಇರುವುದರಿಂದ ಎರಡು-ಮೂರು ಸೆಕೆಂಡ್ ವ್ಯತ್ಯಾಸ ಸಹಜ. ಆರು ಅಂದರೆ, ಪಕ್ಕದ ಲೇನಿನವರನ್ನು ನೋಡಿ ಮೊದಲ 25 ಮೀಟರ್‌ಗೇ ಎಲ್ಲ ಖರ್ಚು ಮಾಡಿಕೊಂಡಿದ್ದಾಳೆ ಎಂದರ್ಥ. ಊರಿನ ಚಿಕ್ಕ ಕೊಳದಲ್ಲಿ ಅಭ್ಯಾಸ ಮಾಡುವವರಿಗೆ ಇದು ಆಗಾಗ ಆಗುತ್ತದೆ. ಅಲ್ಲಿ 25 ಮೀಟರ್‌ಗೊಮ್ಮೆ ಗೋಡೆ ಸಿಗುವ ರೂಢಿ, ಇಲ್ಲಿ ನಡುಕೊಳದಲ್ಲಿ ಒದೆಯಲು ಏನೂ ಇರುವುದಿಲ್ಲ. ಮೊದಲರ್ಧ 32.2ಕ್ಕೆ ಹಿಡಿದು ಎರಡನೆಯದನ್ನು 35.6ಕ್ಕೆ ತಂದರೆ ಒಟ್ಟು 1:07.8. ಒಂದು ಸೆಕೆಂಡಿಗಿಂತ ಹೆಚ್ಚು ಉಳಿಯಿತು, ಹೊಸ ಬಲ ಏನೂ ಬೇಕಾಗಲಿಲ್ಲ. ಸೋಲು ಹೀಗೆ ಬಿಡಿಸಿ ನೋಡುವ ವಸ್ತು ಎಂಬುದು ಕೈಗೆ ಸಿಕ್ಕಿದ ಮೇಲೆ ಮಕ್ಕಳ ಮುಖವೇ ಬದಲಾಗುತ್ತದೆ.

ಮುಂದಿನ ಹಂತ ಕೊಳದ ಅಂಚಿನಲ್ಲಿ. ಅಳತೆ ಟೇಪಿನಿಂದ 10 ಮೀಟರ್ ಗುರುತು ಮಾಡಿ, ಅವಳನ್ನು ಒಂದು ತುದಿಯಲ್ಲಿ ನಿಲ್ಲಿಸಿ, ನೀವು ಇನ್ನೊಂದರಲ್ಲಿ ನಿಲ್ಲಿ. "ಗೆದ್ದವಳು ಇಲ್ಲಿದ್ದಳು, ನೀನು ಅಲ್ಲಿದ್ದೆ." ಈ ವಯಸ್ಸಿನಲ್ಲಿ ಒಂದು ವರ್ಷಕ್ಕೆ ಶೇಕಡ 2ರಿಂದ 3ರಷ್ಟು ಟೈಮಿಂಗ್ ಇಳಿದರೆ ಅದು ಒಳ್ಳೆಯ ವರ್ಷ. 68.9ಕ್ಕೆ ಶೇಕಡ 3 ಅಂದರೆ ಸುಮಾರು 2 ಸೆಕೆಂಡ್, ಅಂದರೆ 3 ಮೀಟರ್. ಆ ಮೂರು ಮೀಟರ್ ನಡೆದು ತೋರಿಸಿ. ಗೆದ್ದ ಹುಡುಗಿಯೂ ಆ ವರ್ಷ ಕೂತಿರುವುದಿಲ್ಲ, ಅವಳೂ ಮುಂದೆ ಹೋಗುತ್ತಾಳೆ. ಇಷ್ಟು ತೋರಿಸಿದರೆ ಗೆಲ್ಲುವುದು ಎಷ್ಟು ಕಷ್ಟ ಎಂಬುದು ಉಪದೇಶವಿಲ್ಲದೆ ತಿಳಿಯುತ್ತದೆ. ಜೊತೆಗೆ ಆ ಮೂರು ಮೀಟರ್ ತನ್ನ ಕೈಯಲ್ಲಿದೆ ಎಂಬುದೂ ತಿಳಿಯುತ್ತದೆ. ಕಣ್ಣಲ್ಲಿ ನೀರು ಬಂದರೆ ಬರಲಿ, ಟೇಪ್ ಸುತ್ತಿಡುವ ಕೆಲಸ ನೀವು ನಿಧಾನಕ್ಕೆ ಮಾಡಿ.

ಒಂದು ನೋಟ್‌ಬುಕ್ ಕೊಡಿಸಿ. ತಾರೀಖು, ಕೊಳದ ಉದ್ದ, ಕೈ ವಾಚೋ ಟಚ್‌ಪ್ಯಾಡೋ, ಎರಡು ಸ್ಪ್ಲಿಟ್, ಪ್ರತಿ 50ಕ್ಕೆ ಎಷ್ಟು ಸ್ಟ್ರೋಕ್, ಮತ್ತು ಮುಂದಿನ ಸಲಕ್ಕೆ ಒಂದೇ ಒಂದು ಕೆಲಸ. 25 ಮೀಟರ್ ಮತ್ತು 50 ಮೀಟರ್‌ಗೆ ಬೇರೆ ಬೇರೆ ಪುಟ. ಸ್ಥಾನ ಬರೆಯುವ ಕಾಲಂ ಬೇಡ. ಅದನ್ನು ಯಾರೂ ಮರೆಯುವುದಿಲ್ಲ. ಸ್ಟ್ರೋಕ್ ಎಣಿಸುವುದು ಸುಲಭ, ನೀರಿಗೆ ಬೀಳುವ ಪ್ರತಿ ಕೈಯನ್ನೂ ಒಂದೊಂದಾಗಿ ಲೆಕ್ಕ ಹಾಕಿ. ಮೊದಲ 50ಕ್ಕೆ 44 ಇದ್ದದ್ದು ಎರಡನೆಯದಕ್ಕೆ 52 ಆದರೆ, ಸುಸ್ತಾಗಿ ಕೈ ನೀರು ಹಿಡಿಯದೆ ಜಾರುತ್ತಿದೆ. ಟರ್ನ್ ಅಳೆಯಲು ಕೊಳದ ಮೇಲೆ ಕಟ್ಟಿದ ಬ್ಯಾಕ್‌ಸ್ಟ್ರೋಕ್ ಬಾವುಟಗಳು ಸಾಕು. ಅವು ಗೋಡೆಯಿಂದ 5 ಮೀಟರ್ ದೂರದಲ್ಲಿರುತ್ತವೆ. ತಲೆ ಬಾವುಟದ ಕೆಳಗೆ ಬಂದಾಗ ಒತ್ತಿ, ಗೋಡೆ ಒದ್ದು ಮತ್ತೆ ಬಾವುಟ ದಾಟಿದಾಗ ನಿಲ್ಲಿಸಿ. ಬಾವುಟದ ಒಳಗೆ ಬಂದ ಮೇಲೆ ಉಸಿರಿಗೆ ತಲೆ ಎತ್ತುವುದು, ಗೋಡೆ ಒದ್ದ ಮೊದಲ ಸ್ಟ್ರೋಕಿಗೇ ಉಸಿರು ತೆಗೆಯುವುದು, ಇವೆರಡೇ ಈ ವಯಸ್ಸಿನ ಮಕ್ಕಳು ಟರ್ನ್‌ನಲ್ಲಿ ಕಳೆದುಕೊಳ್ಳುವ ಸಮಯದ ಬಹುಪಾಲು. ಇದನ್ನೆಲ್ಲ ಮಾಡಿಸುವುದು ಕೋಚ್ ಅವರ ಕೆಲಸ. ನೀವು ನೋಟ್‌ಬುಕ್ ತೋರಿಸಿ ಕೇಳಿ, ದಡದಿಂದ ಕೂಗಿ ಹೇಳಬೇಡಿ.

ಗೋಡೆಯ ಮೇಲಿನ "ಒಲಿಂಪಿಕ್ಸ್ 2032" ಚೀಟಿ ಕೀಳಬೇಡಿ, ಅದಕ್ಕೆ ಕಾವಲೂ ಕೂರಬೇಡಿ. ಆದರೆ ಆ ಮಟ್ಟದ ಫಲಿತಾಂಶ ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿರಲಿ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿಗೆ ಈಜಿ ಟೋಕಿಯೊಗೆ ನೇರ ಅರ್ಹತೆ ಪಡೆದರು. ಅದು ನಮ್ಮ ದೇಶದಲ್ಲಿ ಬಹಳ ಅಪರೂಪದ ಸಾಧನೆ. ಕೆಲವೇ ವಾರಗಳ ನಂತರ ಒಲಿಂಪಿಕ್ಸ್‌ನಲ್ಲಿ ಅವರ ಟೈಮಿಂಗ್ 54.31, ಸ್ಥಾನ 27. ಸೆಮಿಫೈನಲ್‌ಗೆ ಹೋಗುವುದು 16 ಮಂದಿ. 2024ರ ಪ್ಯಾರಿಸ್‌ನಲ್ಲಿ 55.01, ಸ್ಥಾನ 33. ನಮ್ಮದೇ ಬೆಂಗಳೂರಿನ ಧಿನಿಧಿ ದೇಸಿಂಗು ಹದಿನಾಲ್ಕನೇ ವಯಸ್ಸಿಗೆ ಪ್ಯಾರಿಸ್‌ಗೆ ಹೋದ ಭಾರತ ತಂಡದ ಅತಿ ಕಿರಿಯಳು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ 2:06.96ಕ್ಕೆ ಈಜಿ ತನ್ನ ಹೀಟ್ ಗೆದ್ದಳು, ಒಟ್ಟಾರೆ 23ನೆಯವಳಾದಳು. ಒಲಿಂಪಿಕ್ಸ್ ಈಜಿನಲ್ಲಿ ಭಾರತಕ್ಕೆ ಇದುವರೆಗೆ ಒಂದು ಪದಕವೂ ಬಂದಿಲ್ಲ. ಈ ಅಂಕಿಗಳನ್ನು ಹೆದರಿಸಲು ಬಳಸಬೇಡಿ. ದೇಶದಲ್ಲೇ ಮುಂದಿರುವವರು ತಮ್ಮ ಅತ್ಯುತ್ತಮ ಟೈಮಿಂಗ್‌ಗಿಂತ ಅರ್ಧ ಸೆಕೆಂಡ್ ಹಿಂದೆ ಬಿದ್ದು ಮಾರನೆಯ ತಿಂಗಳು ಮತ್ತೆ ಕೊಳಕ್ಕಿಳಿಯುತ್ತಾರೆ ಎಂಬುದು ಅವಳಿಗೆ ಕಾಣಲಿ.

ಈಗ ಮುಂದಿನ ದಾರಿಗಳು. ಕೋಚ್ ಹೇಳಿದ ಎರಡು ಹೊತ್ತಿನ ಅಭ್ಯಾಸ ಮೊದಲು. ಬೆಳಗ್ಗೆ 5:30ಕ್ಕೆ ನೀರಿಗಿಳಿಯಬೇಕಾದರೆ 4:45ಕ್ಕೆ ಏಳಬೇಕು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಎಂಟೂವರೆ ಎಂದರೂ ರಾತ್ರಿ 8:15ಕ್ಕೆ ನಿದ್ದೆ ಹತ್ತಿರಬೇಕು. ಸಂಜೆ ಅಭ್ಯಾಸ ಮುಗಿಸಿ ಏಳಕ್ಕೆ ಮನೆಗೆ ಬಂದ ಎಂಟನೇ ತರಗತಿಯ ಹುಡುಗಿ ಊಟ, ಹೋಂವರ್ಕ್ ಮುಗಿಸಿ ಅಷ್ಟು ಹೊತ್ತಿಗೆ ಮಲಗಲು ಸಾಧ್ಯವೇ? ವಾರದಲ್ಲಿ ಎರಡು ದಿನ ಸಾಧ್ಯ, ಆರು ದಿನ ಆಗುವುದಿಲ್ಲ. ಭುಜದ ಲೆಕ್ಕವನ್ನೂ ಮಾಡಿ: ಒಂದು ಹೊತ್ತಿಗೆ 4,000 ಮೀಟರ್ ಅಂದರೆ ನಿಮ್ಮ ಕೊಳದಲ್ಲಿ 160 ಉದ್ದ, ಉದ್ದಕ್ಕೆ 18 ಸ್ಟ್ರೋಕ್ ಎಂದರೆ 2,880 ಸಲ ಕೈ ಬೀಸುವುದು, ಒಂದೊಂದು ಭುಜಕ್ಕೆ 1,440. ಬೆಳೆಯುವ ಮೈಯಲ್ಲಿ ಇದನ್ನು ಒಮ್ಮೆಲೇ ಇಮ್ಮಡಿ ಮಾಡಿದರೆ ಮೊದಲು ಮಾತಾಡುವುದು ಭುಜದ ಮುಂಭಾಗ. ಕೈಗೆ ಪ್ಯಾಡಲ್ (ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ತಟ್ಟೆ) ಹಾಕಿ ಈಜಿಸಿದರೆ ಇನ್ನೂ ಬೇಗ. ಮಲಗಿದಾಗಲೂ ಭುಜ ನೋಯುತ್ತಿದ್ದರೆ ಪ್ಯಾಡಲ್ ಅವತ್ತೇ ನಿಲ್ಲಬೇಕು, ಫಿಸಿಯೋ ನೋಡಬೇಕು. ಮಕ್ಕಳ ಕ್ರೀಡಾವೈದ್ಯರು ಬಳಸುವ ಒಂದು ಸ್ಥೂಲ ಅಳತೆ ಇದೆ: ವಾರದ ಅಭ್ಯಾಸದ ಗಂಟೆ ಮಗುವಿನ ವಯಸ್ಸನ್ನು ದಾಟಬಾರದು, ವಾರಕ್ಕೊಂದು ದಿನವಾದರೂ ಪೂರ್ತಿ ರಜೆ. ನನ್ನ ಸಲಹೆ, ವಾರಕ್ಕೆ ಆರು ಹೊತ್ತು ನೀರು, ಎರಡು ಸಲ ಅರ್ಧರ್ಧ ಗಂಟೆ ನೆಲದ ಮೇಲಿನ ಬಲವರ್ಧನೆ. ಇದನ್ನು ಮೂರು ತಿಂಗಳು ನೋಡಿ, ಭುಜ, ನಿದ್ದೆ, ಮುಖ ಮೂರೂ ಸರಿ ಇದ್ದರೆ ಒಂದು ಹೊತ್ತು ಸೇರಿಸಿ.

ಮುಟ್ಟಿನ ವಿಷಯ ನಿಮ್ಮ ಪತ್ರದಲ್ಲಿಲ್ಲ, ಆದರೂ ಹೇಳಲೇಬೇಕು. ಕೋಚ್ ಗಂಡಸಾಗಿದ್ದರೆ ಮಕ್ಕಳು ಬಾಯಿ ಬಿಡುವುದಿಲ್ಲ, ಹೊಟ್ಟೆನೋವು ಅಂದು ತಪ್ಪಿಸಿಕೊಳ್ಳುತ್ತಾರೆ. ಆ ದಿನಗಳಲ್ಲಿ ಬಿಡುವು ಬೇಕಾದರೆ ಕಾರಣ ವಿವರಿಸದೆ ಬಿಡಬಹುದು ಎಂದು ಕೋಚ್ ಜೊತೆ ನೀವೇ ಒಮ್ಮೆ ಮಾತಾಡಿಕೊಳ್ಳಿ. ಶುರುವಾದ ಮುಟ್ಟು ಮೂರು ತಿಂಗಳು ನಿಂತರೆ, ಅಥವಾ ಹದಿನೈದು ತುಂಬಿದರೂ ಶುರುವಾಗದಿದ್ದರೆ, ಈಜುವವರಿಗೆ ಹಾಗೆಯೇ ಎಂದು ಬಿಡಬೇಡಿ. ಮಾಡುವ ಶ್ರಮಕ್ಕೆ ತಿನ್ನುವುದು ಸಾಲುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಹಾಗೇ ಬಿಟ್ಟರೆ ಮೂಳೆಗೆ ಪೆಟ್ಟು. ವೈದ್ಯರಿಗೆ ತೋರಿಸಿ, ಹಿಮೋಗ್ಲೋಬಿನ್ ಕೂಡ ನೋಡಿಸಿ. ಅಭ್ಯಾಸ ಮುಗಿದ ಒಂದು ಗಂಟೆಯೊಳಗೆ ಹೊಟ್ಟೆಗೆ ಬೀಳಲಿ: ಇಡ್ಲಿ-ಮೊಟ್ಟೆ, ರಾಗಿ ಅಂಬಲಿ ಜೊತೆ ಬಾಳೆಹಣ್ಣು, ಹೆಸರುಕಾಳು, ಮನೆಯಲ್ಲಿ ಏನಿದೆಯೋ ಅದು. ಡಬ್ಬಿಯ ಪೌಡರ್ ಈ ವಯಸ್ಸಿಗೆ ಬೇಡ.

ಎರಡನೇ ದಾರಿ ಬೆಂಗಳೂರಿಗೆ ಹೋಗುವುದು. ಉದ್ದದ ಕೊಳ, ಜೊತೆಗೆ ಈಜಲು ಗಟ್ಟಿಗರು ಸಿಗುತ್ತಾರೆ. ಆದರೆ ಸಾಮಾನ್ಯವಾಗಿ ಅಮ್ಮ ಕೆಲಸ ಬಿಟ್ಟು ಮಗಳೊಂದಿಗೆ ಬಾಡಿಗೆ ಮನೆ ಮಾಡುವುದು, ಅಪ್ಪ ಊರಲ್ಲೇ ಉಳಿಯುವುದು ಎಂದಾಗುತ್ತದೆ. ಆಮೇಲೆ ಒಂದು ದಿನ ಸಿಟ್ಟಿನಲ್ಲಿ "ನಿನಗೋಸ್ಕರ ಇಷ್ಟೆಲ್ಲ ಮಾಡಿದ್ವಿ" ಎಂಬ ಮಾತು ಹೊರಬಿದ್ದರೆ ಮುಗಿಯಿತು, ಅಲ್ಲಿಂದ ಮುಂದೆ ಪ್ರತಿ ಸ್ಪರ್ಧೆಯೂ ಅವಳಿಗೆ ಸಾಲ ತೀರಿಸುವ ಕೆಲಸ. ಈ ವರ್ಷ ಬೇಡ. ಬರುವ ಏಪ್ರಿಲ್-ಮೇ ರಜೆಯಲ್ಲಿ ಒಂದು ತಿಂಗಳು ಬೆಂಗಳೂರಿನ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಹಾಕಿ ನೋಡಿ, ನೆಂಟರ ಮನೆ ಇದ್ದರೆ ಸುಲಭ. ತಾನೇ ಮತ್ತೆ ಹೋಗಬೇಕು ಅಂದರೆ ಆಗ ಯೋಚಿಸಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಿಗೆ ಆಯ್ಕೆ ನಡೆಯುತ್ತದೆ. ಈಜಿಗೆ ಅವಕಾಶ ಇದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಮೂರನೆಯದು, ಊರಲ್ಲೇ ಇದ್ದು ಸ್ಪರ್ಧೆ ಬದಲಿಸುವುದು. ಹದಿಮೂರಕ್ಕೆ 100 ಫ್ರೀಸ್ಟೈಲ್‌ಗೇ ಅಂಟಿಕೊಳ್ಳುವ ಅಗತ್ಯವಿಲ್ಲ. 200 ವೈಯಕ್ತಿಕ ಮೆಡ್ಲೆ (ನಾಲ್ಕೂ ಬಗೆಯ ಈಜು ಒಂದರಲ್ಲೇ), 400 ಫ್ರೀಸ್ಟೈಲ್, ಬ್ರೆಸ್ಟ್‌ಸ್ಟ್ರೋಕ್ ಎಲ್ಲವನ್ನೂ ಒಂದೊಂದು ಸ್ಪರ್ಧೆಯಲ್ಲಿ ಈಜಲಿ. ಬೇಗ ಬೆಳೆದ ಮಕ್ಕಳಿಗೆ ಮೈಬಲದಿಂದ ಬಂದ ಗೆಲುವು ಫ್ರೀಸ್ಟೈಲ್‌ನಲ್ಲೇ ಸಿಕ್ಕಿರುತ್ತದೆ, ಉಳಿದವನ್ನು ಯಾರೂ ನೋಡಿಯೇ ಇರುವುದಿಲ್ಲ. ಇದರಲ್ಲಿ ಅಪಾಯ ಕಡಿಮೆ, ಒಂದೇ ತೊಂದರೆ ಎಂದರೆ ಒಂದು ವರ್ಷ ಮೆಡಲ್ ಬರದೆ ಇರಬಹುದು. ಅಪ್ಪನಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ನನಗೆ ಈಗಿನ ಮಟ್ಟಿಗೆ ಸರಿ ಕಾಣುವುದು ಈ ದಾರಿಯೇ.

ಬಿಡಿಸುವುದು ನಾಲ್ಕನೇ ದಾರಿ. ಬಿಡುವುದು ತಪ್ಪಲ್ಲ, ಆದರೆ ಸೋತ ತಿಂಗಳಲ್ಲಿ, ಅತ್ತೆಯವರ ಮಾತಿಗೆ ಬಿಡಿಸಿದರೆ ಸೋತವರು ಬಿಡಬೇಕು ಎಂಬ ಪಾಠ ಉಳಿಯುತ್ತದೆ. ಎಸೆಸೆಲ್ಸಿಗೆ ಇನ್ನೂ ಎರಡು ವರ್ಷ ಇದೆ. ಹತ್ತನೇ ತರಗತಿಯಲ್ಲಿ ವಾರಕ್ಕೆ ಮೂರು-ನಾಲ್ಕು ಹೊತ್ತಿಗೆ ಇಳಿಸಿ, ಪರೀಕ್ಷೆ ಮುಗಿದ ಮೇಲೆ ಮತ್ತೆ ಏರಿಸಬಹುದು. ಇದಕ್ಕೆ ಎದುರಾಗಿ, ಕ್ರೀಡಾ ಕೋಟಾದ ಸೀಟಿನ ಆಸೆಯಿಂದ ಮುಂದುವರಿಸುವುದೂ ಬೇಡ. ಸೀಟುಗಳು ಕೆಲವೇ, ಅವಕ್ಕೆ ಕೇಳುವ ಸರ್ಟಿಫಿಕೇಟಿನ ಮಟ್ಟ ದೊಡ್ಡದು.

ಬೆಳಗಿನ ಹೊಟ್ಟೆನೋವಿಗೆ ಮೊದಲು ವೈದ್ಯರನ್ನು ಕಾಣಿ. ದೇಹದ ಕಾರಣ ಸಿಗದಿದ್ದು, ಭಾನುವಾರ ನೋವು ಬಾರದಿದ್ದರೆ ಅದು ಭಯ, ನಾಟಕವಲ್ಲ. ಎರಡು ವಾರ ಪೂಲ್‌ಗೆ ಹೋಗದೆ ಇರಲಿ, ಸೈಕಲ್ ತುಳಿಯಲಿ, ಗೆಳತಿಯರ ಜೊತೆ ಆಡಲಿ. ಎರಡು ವಾರದಲ್ಲಿ ಹಾಳಾಗುವಂಥದ್ದು ಏನೂ ಇಲ್ಲ, ಹೋದ ದಮ್ಮು ಮತ್ತೆ ಅಭ್ಯಾಸ ಶುರುಮಾಡಿದ ಮೇಲೆ ಕೆಲವು ವಾರಗಳಲ್ಲಿ ಮರಳುತ್ತದೆ. ಅಷ್ಟಾದರೂ ನಿದ್ದೆ-ಊಟ ಕೆಟ್ಟೇ ಇದ್ದರೆ, ಇಷ್ಟದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, "ನಾನು ಇದ್ದು ಏನು ಪ್ರಯೋಜನ" ಎಂಬಂಥ ಮಾತು ಒಮ್ಮೆ ಬಂದರೂ ಸರಿ, ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಸ್ಪರ್ಧೆ ನೋಡಲು ಹೋಗಬೇಕೇ ಎಂದಿರಿ. ಅವಳನ್ನೇ ಕೇಳಿ, ಬನ್ನಿ ಅಂದರೆ ಖಂಡಿತ ಹೋಗಿ. ಗೋಡೆ ಮುಟ್ಟುವ ತುದಿಯಲ್ಲಿ ನಿಲ್ಲಬೇಡಿ, ಗ್ಯಾಲರಿಯ ನಡುವೆ ಕೂರಿ. ಮಕ್ಕಳು ಸ್ಕೋರ್‌ಬೋರ್ಡ್ ನೋಡುವ ಮೊದಲು ಅಪ್ಪ-ಅಮ್ಮನ ಮುಖ ಹುಡುಕುತ್ತಾರೆ, ಆಗ ನಿಮ್ಮ ಕಣ್ಣು ಅವಳ ಮೇಲಿರಲಿ, ಬೋರ್ಡಿನ ಮೇಲಲ್ಲ. ಹೀಟ್ಸ್‌ಗೂ ಫೈನಲ್‌ಗೂ ನಡುವೆ ಗಂಟೆಗಟ್ಟಲೆ ಬಿಡುವಿರುತ್ತದೆ. ಎರಡು ಒಣ ಟವೆಲ್, ಒಂದು ಸ್ವೆಟರ್, ಚಪಾತಿ ಇಲ್ಲವೇ ಮೊಸರನ್ನ, ಬಾಳೆಹಣ್ಣು, ನೀರು ತೆಗೆದುಕೊಂಡು ಹೋಗಿ. ಸ್ಟಾಪ್‌ವಾಚ್ ಮನೆಯಲ್ಲೇ ಇರಲಿ.